‘ಇಂಟೀರಿಯರ್’: ಯಾವುದರ ಒಳಗೆ?

ಮಾನ್ಯರೆ,

ಸಕಲೇಶಪುರದ ಕಡೆ ‘ಆ ಊರು ತುಂಬಾ ಇಂಟೀರಿಯರ್, ಬಸ್ಸು ಹೋಗೋದಿಲ್ಲ’ ಎನ್ನುವ ಮಾತು ಇಂಗ್ಲಿಷ್ ಓದದವರ ಬಾಯಲ್ಲೂ ಬರುತ್ತದೆ. ನಮ್ಮ ಹಾಸನದ ಹೊಸ ಬಡಾವಣೆಗಳಲ್ಲಿ ‘ಮನೆ ಎದ್ದಿದೆ, ಇಂಟೀರಿಯರ್ ಬಾಕಿ’ ಎನ್ನುವುದೂ ಅಷ್ಟೇ ಸಹಜ. ಒಂದು ಕಡೆ ಹೆದ್ದಾರಿಗೆ ದೂರವಾದ ಹಳ್ಳಿ, ಇನ್ನೊಂದು ಕಡೆ ಕಪಾಟು ಮತ್ತು ಫಾಲ್ಸ್ ಸೀಲಿಂಗಿನ ಕೆಲಸ. ಎರಡನ್ನೂ ಹೊತ್ತಿರುವ ಈ ಪದದ ಅರ್ಥಗಳನ್ನು ಕುರಿತು ಇಂದು ಮಾತನಾಡುತ್ತೇನೆ.

ಲ್ಯಾಟಿನ್ನಿನಲ್ಲಿ ‘ಇಂಟೀರಿಯರ್’ ಎಂದರೆ ಬರಿಯ ಒಳಗಿನದಲ್ಲ, ‘ಇನ್ನೂ ಒಳಗಿನದು’. ಅದು ಹೋಲಿಕೆಯ ರೂಪ. ಅದಕ್ಕೂ ಮುಂದಿನದು, ಎಂದರೆ ಎಲ್ಲಕ್ಕಿಂತ ಒಳಗಿನದು, ‘ಇಂಟಿಮಸ್’. ಆಪ್ತ ಎಂಬ ಅರ್ಥದ ‘ಇಂಟಿಮೇಟ್’ ಹುಟ್ಟಿದ್ದು ಅದರಿಂದಲೇ. ಇಂಗ್ಲಿಷಿಗೆ ಬಂದ ಮೇಲೆ ಪದ ತನ್ನ ಹೋಲಿಕೆಯನ್ನು ಮರೆತಂತೆ ತೋರಿದರೂ, ಒಳಗೆಂದರೆ ಯಾವುದಕ್ಕಿಂತ ಒಳಗೆ, ಎಲ್ಲಿ ನಿಂತವನ ಲೆಕ್ಕದಲ್ಲಿ ಒಳಗೆ ಎಂಬ ಪ್ರಶ್ನೆ ಅದರ ಬೆನ್ನು ಬಿಟ್ಟಿಲ್ಲ.

ಭೂಪಟದಲ್ಲಿ ಈ ಪ್ರಶ್ನೆ ಹರಿತವಾಗುತ್ತದೆ. ಆಫ್ರಿಕದ ‘ಇಂಟೀರಿಯರ್’ ಎಂದು ಐರೋಪ್ಯರು ಬರೆದದ್ದು ಹಡಗಿನಿಂದಿಳಿದು ಕರಾವಳಿಯಲ್ಲಿ ನಿಂತು. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಯಾವುದರ ಒಳಗೂ ಅಲ್ಲ, ಅದು ಅವರ ಊರು. ಸಕಲೇಶಪುರದ ಆ ಹಳ್ಳಿಯವರಿಗೂ ಹೀಗೇ ಅನ್ನಿಸುತ್ತಿರಬೇಕು. ಅಮೆರಿಕದಲ್ಲಿ ‘ಇಂಟೀರಿಯರ್’ ಹೆಸರಿನ ಸರ್ಕಾರಿ ಇಲಾಖೆ ಸ್ಥಾಪನೆಯಾದದ್ದು 1849ರಲ್ಲಿ. ಅದುವರೆಗೆ ಯುದ್ಧ ಇಲಾಖೆಯ ಕೈಯಲ್ಲಿದ್ದ ಮೂಲನಿವಾಸಿಗಳ ವ್ಯವಹಾರವನ್ನು ಅದೇ ವರ್ಷ ಈ ಇಲಾಖೆಗೆ ವರ್ಗಾಯಿಸಲಾಯಿತು. ಯಾರ ನೆಲವೋ ಅವರನ್ನೇ, ಅವರನ್ನು ಕೇಳದೆ, ಕಡತವೊಂದು ಹೊರಗಿನವರ ಪಟ್ಟಿಯಿಂದ ಒಳಗಿನವರ ಪಟ್ಟಿಗೆ ಸೇರಿಸಿತು. ಇಂದು ಆ ಇಲಾಖೆ ಸಾರ್ವಜನಿಕ ಭೂಮಿ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುತ್ತದೆ. ಫ್ರಾನ್ಸಿನಲ್ಲಾದರೋ ಇದೇ ಹೆಸರಿನ ಸಚಿವಾಲಯದ ಕೈಯಲ್ಲಿರುವುದು ಪೊಲೀಸು. ಆದ್ದರಿಂದ ಪತ್ರಿಕೆಯವರು ಅಮೆರಿಕದ ಆ ಇಲಾಖೆಯ ಮುಖ್ಯಸ್ಥನಾದ ಕಾರ್ಯದರ್ಶಿಯನ್ನು ‘ಗೃಹ ಸಚಿವ’ ಎಂದು ಬರೆದರೆ ಓದುಗರ ದಾರಿ ತಪ್ಪುತ್ತದೆ.

ರೇಖಾಗಣಿತದಲ್ಲಿ ಇಂಥ ತಕರಾರಿಲ್ಲ. ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ. ಸಮತಲದಲ್ಲಿ ಅದನ್ನು ಯಾವ ಕಡೆಯಿಂದ ನೋಡಿದರೂ ಅಷ್ಟೇ.

ಕಟ್ಟಡಗಳ ವಿಷಯಕ್ಕೆ ಬಂದರೆ, ನಮಗೆ ಬೇಲೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ನವರಂಗಕ್ಕೆ, ಎಂದರೆ ಕಂಬಗಳ ಸಭಾಮಂಟಪಕ್ಕೆ, ಮೊದಲು ಈಗಿನಂತೆ ಮುಚ್ಚಿದ ಗೋಡೆಗಳಿರಲಿಲ್ಲ. ಅದು ತೆರೆದ ಮಂಟಪವಾಗಿತ್ತು, ಅದರ ಕಂಬಗಳು ಹೊರಗೆ ನಿಂತವರಿಗೂ ಕಾಣುತ್ತಿದ್ದವು. ಮುಂದೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಗೋಡೆಯನ್ನೂ ಜಾಲಂಧ್ರಗಳೆಂಬ ರಂಧ್ರವಿರುವ ಕಲ್ಲಿನ ಕಿಟಕಿಗಳನ್ನೂ ಕೂರಿಸಲಾಯಿತು. ಒಂದು ಕಂಬವನ್ನೂ ಕದಲಿಸದೆ ಅರ್ಧ ಹೊರಗಿದ್ದುದು ಪೂರ್ತಿ ಒಳಗಾಯಿತು, ಬಿಸಿಲಿದ್ದ ಕಡೆ ಮಬ್ಬು ಬೆಳಕು ಬಂತು. ಅಲ್ಲಿಂದ ಮುಂದೆ ಸುಕನಾಸಿ ಎಂಬ ಚಿಕ್ಕ ನಡುಕೋಣೆ, ಅದರಾಚೆ ಗರ್ಭಗೃಹ: ಲ್ಯಾಟಿನ್ನಿನ ‘ಇನ್ನೂ ಒಳಗೆ’ ಎಂಬ ಮಾತನ್ನು ಅಲ್ಲಿ ನಡೆದೇ ತಿಳಿಯಬಹುದು. ನಮ್ಮ ತೊಟ್ಟಿ ಮನೆಗಳಲ್ಲಂತೂ ಮನೆಯ ನಟ್ಟನಡುವಿನ ಜಾಗವೇ ಆಕಾಶಕ್ಕೆ ತೆರೆದಿದ್ದು, ಮಳೆ ನೇರವಾಗಿ ಒಳಗೇ ಬೀಳುತ್ತದೆ. ‘ಒಳಾಂಗಣ’ ಎಂಬ ನಮ್ಮ ಪದದಲ್ಲಿ ಆ ಅಂಗಣ ಇನ್ನೂ ಉಳಿದಿದೆ; ‘ಇಂಟೀರಿಯರ್ ಮಾಡಿಸುವ’ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಮನಸ್ಸು. ಕಾದಂಬರಿಯ ಪಾತ್ರವೊಂದು ತನ್ನೊಳಗೇ ಆಡಿಕೊಳ್ಳುವ ಮಾತನ್ನು ‘ಇಂಟೀರಿಯರ್ ಮೊನೊಲಾಗ್’ ಎನ್ನುತ್ತಾರೆ; ‘ಸ್ವಗತ’ ಎಂದು ಅನುವಾದಿಸಿದರೆ ಅದು ರಂಗದ ಮೇಲೆ ನಿಂತು ಪ್ರೇಕ್ಷಕರಿಗೆ ಕೇಳುವಂತೆ ಆಡಿದ ಮಾತಾಗಿಬಿಡುತ್ತದೆ. ಕಾದಂಬರಿಯಲ್ಲಿರುವುದು ಬಾಯಿಗೆ ಬರುವ ಮೊದಲಿನ, ಅರ್ಧಕ್ಕೆ ನಿಂತು ಹಾದಿ ಬದಲಿಸುವ ಮಾತು. ‘ಒಳಮಾತು’ ಎಂದರೆ ಅದು ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.