ನೀರು ಕೇರಿ ಉಳಿಸಿದ ಕಾಳು: ಹೊಳೆ ಮತ್ತು ಕಡಲಂಚಿನಲ್ಲಿ ಪಳೆಯುಳಿಕೆಯನ್ನು ಗುರುತಿಸುವುದು ಹೇಗೆ?

[ತೆರೆಯ ಮೇಲೆ: ಅಂಗೈಯಲ್ಲಿ ಕಪ್ಪು ಬಣ್ಣದ, ಕವಡೆಯಂತೆ ಒಂದು ಅಂಚು ಒಳಕ್ಕೆ ಮಡಚಿಕೊಂಡಿರುವ ಕಲ್ಲು.]

ನಮಸ್ಕಾರ. ಹೊಳೆಯಲ್ಲೋ ಕಡಲ ದಂಡೆಯಲ್ಲೋ ಹೆಕ್ಕಿದ ವಸ್ತುವಿನ ಚಿತ್ರವನ್ನು ಕಳುಹಿಸಿ, ಇದು ಪಳೆಯುಳಿಕೆಯೇ ಅಥವಾ ಬರಿಯ ಕಲ್ಲೇ ಎಂದು ಕೇಳುವ ವೀಕ್ಷಕರು ನಮ್ಮಲ್ಲಿ ಬಹಳ ಮಂದಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನ್ನನ್ನು ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೊಂದು ಪ್ರಶ್ನೆ. ಬಂಡೆಯನ್ನೇ ಅರೆದು ಮರಳು ಮಾಡುವ ಶಕ್ತಿ ಹರಿಯುವ ನೀರಿಗಿದೆ. ಹಾಗಿರುವಾಗ ಕೋಟಿ ವರ್ಷಗಳ ಹಿಂದಿನ ಒಂದು ಹಲ್ಲು, ಒಂದು ಮೂಳೆಯ ತುಂಡು ಅದೇ ನೀರಿನಲ್ಲಿ ಉರುಳಿ ಬಂದೂ ಉಳಿದದ್ದು ಹೇಗೆ? ಎರಡೂ ಪ್ರಶ್ನೆಗಳ ಉತ್ತರ ಒಂದೇ ಕಡೆ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಪಳೆಯುಳಿಕೆ ಹೇಗೆ ಉಂಟಾಗುತ್ತದೆ ಎಂಬುದನ್ನು ಬಹುತೇಕ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಸತ್ತ ಜೀವಿ ಹೂಳಿನಡಿ ಬೇಗನೆ ಮುಚ್ಚಿಹೋಗುತ್ತದೆ, ಮೆತ್ತನೆಯ ಭಾಗ ಕೊಳೆಯುತ್ತದೆ, ಗಟ್ಟಿ ಭಾಗದ ಸಣ್ಣ ಸಣ್ಣ ರಂಧ್ರಗಳಲ್ಲಿ ಅಂತರ್ಜಲದ ಖನಿಜಗಳು ತುಂಬಿಕೊಳ್ಳುತ್ತವೆ. ಅಷ್ಟು ಸಾಕು, ಮುಂದೆ ಹೋಗೋಣ.

[ತೆರೆಯ ಮೇಲೆ: ಮೊರದಲ್ಲಿ ಕಾಳು ಕೇರುವ ದೃಶ್ಯ, ಅದರ ಪಕ್ಕದಲ್ಲಿ ಹೊಳೆಯ ತಿರುವಿನ ನಕ್ಷೆ.]

ಮೊರದಲ್ಲಿ ಕೇರುವಾಗ ಜೊಳ್ಳು ಹಾರಿಹೋಗುತ್ತದೆ, ಗಟ್ಟಿ ಕಾಳು ಉಳಿಯುತ್ತದೆ. ಹೊಳೆಯೂ ಕಡಲೂ ಮಾಡುವುದು ಇದೇ ಕೆಲಸವನ್ನು. ಮರಳಿನ ಮುಖ್ಯ ಖನಿಜವಾದ ಸ್ಫಟಿಕಶಿಲೆಯ ಸಾಂದ್ರತೆ ನೀರಿನ 2.65 ಪಟ್ಟು. ಹಲ್ಲು ಮತ್ತು ಮೂಳೆಯ ಖನಿಜವಾದ ಅಪಟೈಟ್‌ನ ಸಾಂದ್ರತೆ 3.1ರಿಂದ 3.2 ಪಟ್ಟು. ಜೀವಂತ ಪ್ರಾಣಿಯ ಮೂಳೆಯಲ್ಲಿ ಪ್ರೋಟೀನ್, ಕೊಬ್ಬು ಮತ್ತು ಟೊಳ್ಳು ಜಾಗಗಳು ಸೇರಿರುವುದರಿಂದ ಅದು ಹಗುರ. ಆದರೆ ಖನಿಜ ತುಂಬಿಕೊಂಡ ಹಳೆಯ ಮೂಳೆ ಭಾರ. ಪ್ರವಾಹ ಇಳಿಯುವಾಗ ಸಣ್ಣ ಮರಳನ್ನೂ ಹಗುರವಾದ ಚಿಪ್ಪುಗಳನ್ನೂ ನೀರು ಹೊತ್ತೊಯ್ಯುತ್ತದೆ, ಭಾರವಾದದ್ದನ್ನು ಜಲ್ಲಿಕಲ್ಲುಗಳ ನಡುವೆಯೇ ಬಿಟ್ಟುಹೋಗುತ್ತದೆ.

ಆದ್ದರಿಂದ ಎಲ್ಲಿ ಹುಡುಕಬೇಕು ಎಂಬುದನ್ನು ನೀರೇ ಹೇಳಿಕೊಡುತ್ತದೆ. ಹೊಳೆಯ ತಿರುವಿನಲ್ಲಿ ಹರಿವು ನಿಧಾನವಾಗುವ ಒಳದಂಡೆ, ದೊಡ್ಡ ಬಂಡೆಯ ಕೆಳಮಗ್ಗುಲು, ಹಾಸುಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ಜಲ್ಲಿ ಇವೆಲ್ಲ ಒಳ್ಳೆಯ ತಾಣಗಳು. ಕಡಲ ದಂಡೆಯಲ್ಲಾದರೆ ನುಣ್ಣನೆಯ ಮರಳನ್ನು ಬಿಟ್ಟು, ಉಬ್ಬರ ಇಳಿದ ಮೇಲೆ ಕಾಣಿಸುವ ಹರಳುಗಲ್ಲುಗಳ ಪಟ್ಟಿಯ ಉದ್ದಕ್ಕೂ ನಡೆಯಬೇಕು. ನಿಮ್ಮ ಕಣ್ಣಿಗೆ ಒಂದೇ ಗಾತ್ರದ ಕಲ್ಲುಗಳ ರಾಶಿ ಕಂಡರೆ ಅಲ್ಲಿ ನೀರು ಕೇರಿದೆ ಎಂದು ತಿಳಿಯಿರಿ, ಅಲ್ಲೇ ಕುಳಿತುಕೊಳ್ಳಿ. ದೂರ ನಡೆಯುವವರಿಗಿಂತ ಒಂದೇ ಜಾಗದಲ್ಲಿ ಕುಳಿತು ತಾಳ್ಮೆಯಿಂದ ಜರಡಿ ಹಿಡಿಯುವವರಿಗೆ ಹೆಚ್ಚು ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಗ್ಲೆಂಡಿನ ಲೈಮ್ ರೀಜಿಸ್‌ನ ಕಡಲಂಚಿನಲ್ಲಿ ಬೆಳೆದ ಮೇರಿ ಆ್ಯನಿಂಗ್ ಎಂಬ ಹೆಣ್ಣುಮಗಳು ಚಳಿಗಾಲದ ಬಿರುಗಾಳಿಗಳ ನಂತರವೇ ದಂಡೆಗೆ ಇಳಿಯುತ್ತಿದ್ದಳು. ಅಲೆಗಳು ಬಂಡೆಗೋಡೆಯನ್ನು ಕೊರೆದು ಹೊಸ ಪದರವನ್ನು ತೆರೆದಿಡುತ್ತಿದ್ದದ್ದು ಆಗಲೇ. ಇಕ್ತಿಯೋಸಾರ್ ಎಂಬ ಪುರಾತನ ಕಡಲ ಸರೀಸೃಪದ ಅಸ್ಥಿಪಂಜರವನ್ನು ಆಕೆಯ ಮನೆಯವರು ಹೊರತೆಗೆದದ್ದು 1811–12ರಲ್ಲಿ, ಆಗ ಆಕೆಗೆ ಹನ್ನೆರಡು ವರ್ಷ. 1823ರಲ್ಲಿ ಆಕೆ ಪ್ಲೀಸಿಯೋಸಾರ್ ಎಂಬ ಇನ್ನೊಂದು ಕಡಲ ಸರೀಸೃಪದ ಪೂರ್ಣ ಅಸ್ಥಿಪಂಜರವನ್ನು ಕಂಡುಹಿಡಿದಳು. ಹತ್ತು ವರ್ಷಗಳ ನಂತರ ಅದೇ ಬಂಡೆಗೋಡೆ ಕುಸಿದು, ಸದಾ ಜೊತೆಗಿರುತ್ತಿದ್ದ ಆಕೆಯ ನಾಯಿ ಸತ್ತಿತು. ಆಕೆ ಕೂದಲೆಳೆಯಲ್ಲಿ ಪಾರಾದಳು. ಹೊಸ ಪದರವನ್ನು ತೆರೆದಿಡುವ ಕುಸಿತವೇ ಜೀವವನ್ನೂ ತೆಗೆಯಬಲ್ಲದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಕಡಿದಾದ ಮಣ್ಣುಗೋಡೆಯ ಬುಡದಲ್ಲಿ ನಿಲ್ಲದೆ, ನೀರು ತೊಳೆದು ತಂದಿಟ್ಟದ್ದನ್ನು ದೂರದಲ್ಲಿ ಹೆಕ್ಕಿಕೊಳ್ಳಿ.

[ತೆರೆಯ ಮೇಲೆ: ಮತ್ತೆ ಅದೇ ಕಪ್ಪು ಕಲ್ಲು, ನಿಧಾನವಾಗಿ ತಿರುಗುತ್ತಿದೆ.]

ಈಗ ಮೊದಲು ತೋರಿಸಿದ ಕಲ್ಲಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನೀರಿನಂಚಿನ ಪಳೆಯುಳಿಕೆಗಳಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ. ನೋಡಿದವರಲ್ಲಿ ಹೆಚ್ಚಿನವರು ಇದನ್ನು ಕಲ್ಲಾದ ಶಂಖವೆಂದೋ ಕವಡೆಯೆಂದೋ ತಿಳಿಯುತ್ತಾರೆ. ಇದು ಚಿಪ್ಪಲ್ಲ, ತಿಮಿಂಗಿಲದ ಕಿವಿಯ ಮೂಳೆ.

ಇಷ್ಟು ದೊಡ್ಡ ಪ್ರಾಣಿಯ ಪಕ್ಕೆಲುಬು, ತಲೆಬುರುಡೆಗಳೆಲ್ಲ ಒಡೆದು ಹೋದ ಮೇಲೂ ಮುಷ್ಟಿಯೊಳಗೆ ಹಿಡಿಸುವ ಈ ಮೂಳೆ ಇಡಿಯಾಗಿ ಸಿಗುವುದೇಕೆ? ನೀರಿನಲ್ಲಿ ಕೇಳಿಸಿಕೊಳ್ಳುವುದು ಗಾಳಿಯಲ್ಲಿ ಕೇಳಿಸಿಕೊಂಡಂತೆ ಸುಲಭವಲ್ಲ. ಪ್ರಾಣಿಯ ಮಾಂಸದ ಸಾಂದ್ರತೆ ನೀರಿನದಕ್ಕೆ ಹತ್ತಿರವಾದ್ದರಿಂದ ಸದ್ದು ದೇಹದೊಳಕ್ಕೆ ಎಲ್ಲ ಕಡೆಯಿಂದಲೂ ತಡೆಯಿಲ್ಲದೆ ನುಗ್ಗುತ್ತದೆ, ಇಡೀ ತಲೆಬುರುಡೆ ಒಟ್ಟಿಗೆ ಅದುರುತ್ತದೆ. ಆಗ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುವ ದಾರಿಯಿಲ್ಲ. ತಿಮಿಂಗಿಲಗಳ ವಂಶದಲ್ಲಿ ಇದಕ್ಕೆ ಒದಗಿದ ಪರಿಹಾರವೆಂದರೆ, ಕಿವಿಯ ಮೂಳೆಯನ್ನು ತಲೆಬುರುಡೆಯ ಹಿಡಿತದಿಂದ ಸಡಿಲಿಸಿ, ಸುತ್ತಲಿನ ಮಾಂಸಕ್ಕಿಂತ ಬಹಳ ಹೆಚ್ಚು ಸಾಂದ್ರವಾದ ಪ್ರತ್ಯೇಕ ತುಂಡಾಗಿ ಮಾಡಿದ್ದು. ಎಷ್ಟು ಸಾಂದ್ರವೆಂದರೆ, 1979ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಕೆಂಪು ಜಿಂಕೆಯ ಕೊಂಬಿನಲ್ಲಿ ಖನಿಜಾಂಶ ಸುಮಾರು ಶೇ. 59, ಹಸುವಿನ ತೊಡೆಮೂಳೆಯಲ್ಲಿ ಸುಮಾರು ಶೇ. 67, ಫಿನ್ ತಿಮಿಂಗಿಲದ ಕಿವಿಮೂಳೆಯಲ್ಲಿ ಸುಮಾರು ಶೇ. 86 ಇತ್ತು. ಕಾದಾಡುವ ಜಿಂಕೆಯ ಕೊಂಬು ಬಾಗಿಯೂ ಮುರಿಯದಿರಬೇಕು, ಆದ್ದರಿಂದ ಅದರಲ್ಲಿ ಖನಿಜ ಕಡಿಮೆ. ಕಿವಿಮೂಳೆ ಯಾವ ಹೊಡೆತವನ್ನೂ ತಾಳಬೇಕಾಗಿಲ್ಲ, ತಲೆಯೊಳಗೆ ಅಡಗಿ ಕುಳಿತು ಕೇಳಿದರೆ ಸಾಕು. ಆದ್ದರಿಂದ ಅದು ಬಹಳ ಗಡಸು, ಅಷ್ಟೇ ಪೆಡಸು. ಕಲ್ಲಾಗುವುದಕ್ಕೆ ಮೊದಲೇ ಅರ್ಧ ಕಲ್ಲಾಗಿದ್ದ ಮೂಳೆ ಎಂದರೆ ತಪ್ಪಾಗಲಾರದು.

ತಿಮಿಂಗಿಲ ಸತ್ತು ತೇಲುತ್ತಾ ಕೊಳೆಯುವಾಗ ಸಡಿಲವಾದ ಈ ಮೂಳೆ ಕಳಚಿ ಸಮುದ್ರದ ತಳಕ್ಕೆ ಬೀಳುತ್ತದೆ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗಿನ ವಿಜ್ಞಾನಿಗಳು ಪೆಸಿಫಿಕ್‌ನ ಆಳದ ಕೆಂಪು ಜೇಡಿಯನ್ನು ಬಾಚಿ ಎತ್ತಿದಾಗ ಅವರಿಗೆ ಸಿಕ್ಕ ಮೂಳೆಗಳಲ್ಲಿ ಎದ್ದು ಕಂಡವು ಎರಡೇ ಬಗೆಯವು, ಶಾರ್ಕ್‌ಗಳ ಹಲ್ಲು ಮತ್ತು ತಿಮಿಂಗಿಲಗಳ ಕಿವಿಮೂಳೆ. ಉಳಿದದ್ದೆಲ್ಲ ಕರಗಿಹೋಗಿತ್ತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಕ್ಯಾಲ್ವರ್ಟ್ ಬಂಡೆಗೋಡೆಗಳ ಕೆಳಗಿನ ದಂಡೆಯಲ್ಲಿ ಇಂದು ಜನರಿಗೆ ಇವೆರಡೂ ಸಿಗುತ್ತವೆ. ಆಳಸಾಗರದ ಜೇಡಿ ಮತ್ತು ಅಲೆ ಬಡಿಯುವ ದಂಡೆ ಎಂಬ ಎರಡು ಬೇರೆ ಬೇರೆ ಮೊರಗಳು ಒಂದೇ ಕಾಳನ್ನು ಉಳಿಸಿವೆ.

ಈ ಮೂಳೆಯ ಒಳಮಗ್ಗುಲಿನ ದಪ್ಪ ತುಟಿಯನ್ನು ಇನ್‌ವೊಲುಕ್ರಮ್ ಎನ್ನುತ್ತಾರೆ. ಪಾಕಿಸ್ತಾನದಲ್ಲಿ ದೊರೆತ, ಸುಮಾರು 5 ಕೋಟಿ ವರ್ಷ ಹಳೆಯ ಪಾಕಿಸೆಟಸ್ ಎಂಬ ಪ್ರಾಣಿಯ ತಲೆಬುರುಡೆಯನ್ನು 1981ರಲ್ಲಿ ವಿವರಿಸಿದ ವಿಜ್ಞಾನಿಗಳು ಅದನ್ನು ತಿಮಿಂಗಿಲಗಳ ವಂಶಕ್ಕೆ ಸೇರಿಸುವಾಗ ಆಧರಿಸಿದ ಮುಖ್ಯ ಗುರುತುಗಳಲ್ಲಿ ಈ ತುಟಿಯೂ ಒಂದು. ಅದಕ್ಕಿಂತ ಸೊಗಸಾದ ಕಥೆ ಜಮ್ಮು-ಕಾಶ್ಮೀರದ ಕಾಲಕೋಟ್‌ನದು. ಭೂವಿಜ್ಞಾನಿ ಎ. ರಂಗರಾವ್ ಅಲ್ಲಿಂದ ಸಂಗ್ರಹಿಸಿದ ಬಂಡೆಗಳಲ್ಲಿ ಇಂಡೋಹಯಸ್ ಎಂಬ, ಬೆಕ್ಕಿನಷ್ಟೇ ದೊಡ್ಡದಾದ ಗೊರಸಿನ ಪ್ರಾಣಿಯ ಮೂಳೆಗಳಿದ್ದವು. ಅವರ ಮರಣದ ನಂತರ ಆ ಕಲ್ಲುಗಳು ಪಳೆಯುಳಿಕೆ ವಿಜ್ಞಾನಿ ಹಾನ್ಸ್ ಥೆವಿಸ್ಸನ್ ಅವರ ಪ್ರಯೋಗಾಲಯ ಸೇರಿದವು. ಅಲ್ಲಿ ತಲೆಬುರುಡೆಯೊಂದನ್ನು ಬಿಡಿಸುವಾಗ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು, ಮುರಿದ ಜಾಗದಲ್ಲಿ ತಿಮಿಂಗಿಲಗಳದ್ದೇ ಆದ ಆ ದಪ್ಪ ತುಟಿ ಕಾಣಿಸಿತು. ನಾಲ್ಕು ಕಾಲಿನ ಆ ಪುಟ್ಟ ಪ್ರಾಣಿ ತಿಮಿಂಗಿಲಗಳ ಹತ್ತಿರದ ಬಂಧುವೆಂದು 2007ರಲ್ಲಿ ಜಗತ್ತಿಗೆ ತಿಳಿದದ್ದು ಹಾಗೆ. ದಂಡೆಯಲ್ಲಿ ಕಾಲಿಗೆ ತಗಲುವ ಕಪ್ಪು ಕಲ್ಲಿನ ಒಂದು ಅಂಚಿನಲ್ಲಿ ಇಷ್ಟೊಂದು ಬರೆದಿದೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

[ತೆರೆಯ ಮೇಲೆ: ಒಂದರ ಪಕ್ಕದಲ್ಲಿ ಒಂದು ಆರು ಕಲ್ಲುಗಳು. ಒಂದು ಮಾತ್ರ ಪಳೆಯುಳಿಕೆ.]

ಗುರುತಿಸುವ ಕೆಲಸದಲ್ಲಿ ನನ್ನ ಮೊದಲ ಸಲಹೆ, ಆಕಾರವನ್ನು ನಂಬಬೇಡಿ. ಮಣ್ಣಿನಲ್ಲಿ ಖನಿಜ ಗಟ್ಟಿಗೊಂಡು ಉಂಟಾಗುವ ಉಂಡೆಗಲ್ಲು ಥೇಟ್ ಮೊಟ್ಟೆಯಂತಿರುತ್ತದೆ. ಒಳಗೆ ಬಿರುಕು ಬಿಟ್ಟು ಆ ಬಿರುಕಿನಲ್ಲಿ ಸುಣ್ಣಶಿಲೆ ತುಂಬಿದ ಉಂಡೆಗಲ್ಲು ಆಮೆಯ ಚಿಪ್ಪಿನಂತೆ ಕಾಣುತ್ತದೆ. ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಹರಡಿ ಮೂಡಿಸುವ ಕಪ್ಪು ಕವಲುಗಳನ್ನು ಎಷ್ಟೋ ಮಂದಿ ಜರಿಗಿಡವೆಂದು ಜೋಪಾನ ಮಾಡಿದ್ದಾರೆ. ಬಣ್ಣವನ್ನೂ ನಂಬುವಂತಿಲ್ಲ. ಕಬ್ಬಿಣ ಮತ್ತು ಮ್ಯಾಂಗನೀಸ್ ಇರುವ ಕೆಸರಿನಲ್ಲಿ ಇತ್ತೀಚಿನ ಮೂಳೆಯೂ ಕಪ್ಪಾಗುತ್ತದೆ, ಗಾಳಿಯಾಡದ ಕೆಸರಿನಲ್ಲಿ ಇತ್ತೀಚಿನ ಚಿಪ್ಪೂ ಕಪ್ಪಾಗುತ್ತದೆ. ಬಣ್ಣ ಹೇಳುವುದು ವಸ್ತು ಎಂತಹ ಮಣ್ಣಿನಲ್ಲಿ ಮಲಗಿತ್ತು ಎಂಬುದನ್ನು, ಅದರ ವಯಸ್ಸನ್ನಲ್ಲ.

ನಂಬಬೇಕಾದದ್ದು ಒಳಗಿನ ನೇಯ್ಗೆಯನ್ನು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು, ಒಡೆದ ಅಥವಾ ಸವೆದ ಅಂಚನ್ನು ಒಣಗಿಸಿ ನೋಡಿ. ಮೂಳೆಯಾದರೆ ಹೊರಗೆ ಒತ್ತಾದ ಪದರ, ಒಳಗೆ ಜೇನುಹುಟ್ಟಿನಂತಹ ಜಾಲರಿ, ಉದ್ದಕ್ಕೆ ಸಾಗುವ ಸೂಕ್ಷ್ಮ ನಾಳಗಳು ಕಾಣುತ್ತವೆ. ಜ್ವಾಲಾಮುಖಿ ಶಿಲೆಯಲ್ಲೂ ರಂಧ್ರಗಳಿರುತ್ತವೆ, ಆದರೆ ಅವು ಅನಿಲದ ಗುಳ್ಳೆಗಳು, ಅಡ್ಡಾದಿಡ್ಡಿ ಚದುರಿರುತ್ತವೆ. ಮೂಳೆಯ ರಂಧ್ರಗಳಿಗೆ ಒಂದು ದಿಕ್ಕಿದೆ, ಒಂದು ಲೆಕ್ಕಾಚಾರವಿದೆ. ನಾಲಿಗೆಗೆ ಅಂಟಿದರೆ ಮೂಳೆ ಎಂಬ ಹಳೆಯ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ರಂಧ್ರಗಳು ಖನಿಜದಿಂದ ಪೂರ್ತಿ ತುಂಬಿದ್ದರೆ ಅದು ಅಂಟುವುದಿಲ್ಲ, ಒಣ ಜೇಡಿಯಾದರೆ ಅಂಟುತ್ತದೆ, ಹೊಳೆಯ ಕೊಳಕಂತೂ ಬಾಯಿಗೆ ಹೋಗುತ್ತದೆ. ಕಾದ ಸೂಜಿ ತಗಲಿಸಿ ಕೂದಲು ಸುಟ್ಟ ವಾಸನೆ ಬಂದರೆ ಹೊಸ ಮೂಳೆ ಎನ್ನುವವರಿದ್ದಾರೆ. ಆದರೆ ಹಿಮಯುಗದ ಮೂಳೆಗಳಲ್ಲೂ ಪ್ರೋಟೀನ್ ಉಳಿದಿರುವುದುಂಟು, ಸೂಜಿಯ ಗಾಯ ಮಾತ್ರ ಶಾಶ್ವತವಾಗಿ ಉಳಿಯುತ್ತದೆ.

ಸಮಯ ಕಡಿಮೆ ಉಳಿದಿರುವುದರಿಂದ ಮಿಕ್ಕ ಗುರುತುಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಶಾರ್ಕ್‌ನ ಎಲುಬುಗೂಡು ಮೃದ್ವಸ್ಥಿಯದಾದ್ದರಿಂದ ಸಾಮಾನ್ಯವಾಗಿ ಉಳಿಯುವುದಿಲ್ಲ, ಆದರೆ ಒಂದೊಂದು ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸುತ್ತದೆ. ಹೊಳಪಿನ ಶಿಖರ, ಮಂಕಾದ ಬೇರು, ಇವೆರಡರ ನಡುವೆ ಸ್ಪಷ್ಟವಾದ ಗಡಿ ಕಂಡರೆ ಅದು ಹಲ್ಲೇ. ಯೂರೋಪಿನಲ್ಲಿ ಕಲ್ಲಾದ ನಾಲಿಗೆಗಳೆಂದು ಕರೆಯುತ್ತಿದ್ದ ಇವು ಶಾರ್ಕ್ ಹಲ್ಲುಗಳೇ ಎಂದು, 1666ರಲ್ಲಿ ಫ್ಲಾರೆನ್ಸ್‌ನಲ್ಲಿ ದೊಡ್ಡ ಶಾರ್ಕ್ ಒಂದರ ತಲೆಯನ್ನು ಕೊಯ್ದು ನೋಡಿದ ನಿಕೊಲಾಸ್ ಸ್ಟೆನೊ ವಾದಿಸಿದ. ಅಮ್ಮೋನೈಟ್ ಎಂಬ, ಈಗ ಅಳಿದುಹೋದ ಕಡಲಜೀವಿಯ ಚಿಪ್ಪಿನ ಸುರುಳಿಯನ್ನು ಬಸವನಹುಳುವಿನ ಸುರುಳಿಯಿಂದ ಬೇರ್ಪಡಿಸುವುದು ಒಳಗಿನ ಅಡ್ಡಗೋಡೆಗಳು: ಅಮ್ಮೋನೈಟ್ ಕೋಣೆ ಕೋಣೆಯಾಗಿರುತ್ತದೆ. ಹಿಮಾಲಯದ ಕಾಳಿ ಗಂಡಕಿ ನದಿ ಹೊತ್ತು ತರುವ, ಸಾಲಿಗ್ರಾಮವೆಂಬ ಹೆಸರಿನಿಂದ ನಾವು ಬಲ್ಲ ಕಪ್ಪು ಉಂಡೆಗಳ ಒಳಗಿರುವುದು ಇಂಥವೇ. ಪರ್ವತವಾಗುವ ಮೊದಲು ಆ ನೆಲ ಕಡಲ ತಳವಾಗಿತ್ತು. ಆನೆದಂತದಂತಹ ತುಂಡು ಸಿಕ್ಕರೆ ಅಡ್ಡಕೊಯ್ತದ ಹೊರ ಅಂಚಿನಲ್ಲಿ ಒಂದನ್ನೊಂದು ಕತ್ತರಿಸುವ ಗೆರೆಗಳನ್ನು ನೋಡಿ. ಆನೆಯ ಅಳಿದುಹೋದ ಬಂಧುವಾದ ಮ್ಯಾಮತ್‌ನಲ್ಲಿ ಆ ಕೋನ ಸರಾಸರಿ 100 ಡಿಗ್ರಿಗಿಂತ ಕಡಿಮೆ, ಇಂದಿನ ಆನೆಗಳಲ್ಲಿ ಸರಾಸರಿ 100ಕ್ಕಿಂತ ಹೆಚ್ಚು.

ವಯಸ್ಸಿನ ವಿಚಾರದಲ್ಲಿ ಮಾತ್ರ ನೀರು ಮೋಸ ಮಾಡುತ್ತದೆ. ಫ್ಲಾರಿಡಾದ ಪೀಸ್ ನದಿಯ ಒಂದೇ ಬುಟ್ಟಿ ಜಲ್ಲಿಯಲ್ಲಿ 36 ಲಕ್ಷ ವರ್ಷಗಳ ಹಿಂದೆಯೇ ಅಳಿದ ಮೆಗಲೊಡಾನ್ ಶಾರ್ಕ್‌ನ ಹಲ್ಲೂ, ಹಿಮಯುಗದ ಕುದುರೆಯ ದವಡೆಹಲ್ಲೂ ಒಟ್ಟಿಗೆ ಸಿಗಬಹುದು. ಅವು ಒಂದೇ ಕಾಲದಲ್ಲಿ ಬದುಕಿರಲಿಲ್ಲ, ನದಿ ಎರಡು ಬೇರೆ ಪದರಗಳನ್ನು ಕೊರೆದು ಬೆರೆಸಿದೆ, ಅಷ್ಟೆ. ನೆದರ್ಲೆಂಡ್ಸ್‌ನ ಹೇಗ್ ನಗರದ ಬಳಿ 2011ರಲ್ಲಿ ಸಮುದ್ರತಳದ ಮರಳನ್ನು ಸುರಿದು ಕಟ್ಟಿದ ದಂಡೆಯಲ್ಲಿ ಮ್ಯಾಮತ್ ಮೂಳೆಗಳು ಸಿಗುತ್ತವೆ. ಅಲ್ಲಂತೂ ಬೆರೆಸಿದ್ದು ಯಂತ್ರ.

ಕಾನೂನು ಒಂದೊಂದು ಕಡೆ ಒಂದೊಂದು ಬಗೆ. ಫ್ಲಾರಿಡಾದ ಸರ್ಕಾರಿ ಜಾಗಗಳಲ್ಲಿ ಶಾರ್ಕ್ ಹಲ್ಲಿಗೆ ಪರವಾನಗಿ ಬೇಡ, ಬೇರೆ ಕಶೇರುಕಗಳ ಪಳೆಯುಳಿಕೆಗೆ ಬೇಕು. ಹೋಗುವ ಮೊದಲು ವಿಚಾರಿಸಿಕೊಳ್ಳಿ. ಕಡಲಿನಿಂದ ತಂದ ಮೂಳೆಯನ್ನು ಹಾಗೆಯೇ ಒಣಗಲು ಬಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಅದನ್ನು ಸೀಳುತ್ತದೆ, ಆದ್ದರಿಂದ ಸಿಹಿನೀರನ್ನು ಬದಲಿಸುತ್ತಾ ಕೆಲವು ವಾರ ನೆನೆಸಿಟ್ಟು, ನೆರಳಿನಲ್ಲಿ ನಿಧಾನವಾಗಿ ಒಣಗಿಸಿ.

[ತೆರೆಯ ಮೇಲೆ: ಅಳತೆಪಟ್ಟಿಯ ಪಕ್ಕದಲ್ಲಿ ಕಿವಿಮೂಳೆ, ನಾಲ್ಕು ಕೋನಗಳಿಂದ.]

ಇನ್ನು ಮುಂದೆ ಚಿತ್ರ ಕಳುಹಿಸುವಾಗ ವಸ್ತುವನ್ನು ಒಣಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಓರೆಯಾಗಿ ಬೀಳುವ ಬೆಳಕಿನಲ್ಲಿ ಎರಡೂ ಮುಖಗಳನ್ನು ತೆಗೆಯಿರಿ, ಮುರಿದ ಅಂಚಿನದ್ದೊಂದು ಹತ್ತಿರದ ಚಿತ್ರವಿರಲಿ. ಎಲ್ಲಿ, ಯಾವ ದಿನ, ಹೊಳೆಯ ಯಾವ ತಿರುವಿನಲ್ಲಿ ಸಿಕ್ಕಿತು ಎಂಬುದನ್ನು ಅಂದೇ ಬರೆದು ವಸ್ತುವಿನ ಜೊತೆಗೇ ಇಡಿ. ಕವಡೆಯಂತಹ ಕಪ್ಪು ಕಲ್ಲು ಸಿಕ್ಕಿದ್ದರೆ, ಒಳಕ್ಕೆ ಮಡಚಿದ ಆ ದಪ್ಪ ತುಟಿಯ ಚಿತ್ರವನ್ನು ದಯವಿಟ್ಟು ಮರೆಯಬೇಡಿ, ನಾನು ಮೊದಲು ನೋಡುವುದು ಅದನ್ನೇ.