ಪರದೆ ನೋಡದವರಿಗಾಗಿ ಒಂದು ಆ್ಯಪ್

ರಾತ್ರಿ ಎಂಟೂವರೆ. ಊಟದ ಮೇಜನ್ನು ಒರೆಸಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೇನೆ. ಹಗಲಿಡೀ ಲೆಕ್ಕಪತ್ರದ ಕೆಲಸ; ಈಗಿನಿಂದ ಹತ್ತೂವರೆಯವರೆಗೆ ಈ ಮೇಜೇ ನನ್ನ ಪಾಠಶಾಲೆ. ಏಳು ತಿಂಗಳಿನಿಂದ ಹೀಗೆಯೇ ನಡೆದಿದೆ.

ಮೈಸೂರಿನಲ್ಲಿ ನಾವು ಕೆಲವು ಗೆಳೆಯರು ಸೇರಿ, ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತೇವೆ. ಮೊದಲು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿಯೇ ಹೋಗುತ್ತಿತ್ತು. ಪರೀಕ್ಷೆಯ ಹಿಂದಿನ ಸಂಜೆ ಬಿ.ಎ. ಓದುತ್ತಿರುವ ಒಬ್ಬಳು ಕರೆ ಮಾಡಿ, "ಬನವಾಸಿಯ ಕದಂಬರ ಪಾಠ ಯಾವ ಕಡತದಲ್ಲಿದೆ?" ಎಂದು ಕೇಳಿದಳು. ನೂರಕ್ಕೂ ಹೆಚ್ಚು ಕಡತಗಳು, ಎಲ್ಲಕ್ಕೂ ತಾರೀಖು ಮತ್ತು ಅಂಕಿಗಳೇ ಹೆಸರು. ಆ ಪಾಠವನ್ನು ಓದಿದವಳು ನಾನೇ. ನನಗೇ ಹೇಳಲಾಗಲಿಲ್ಲ. ಆ ರಾತ್ರಿಯೇ, ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್ ಇಳಿಸಿಕೊಂಡೆ.

ಆ್ಯಂಡ್ರಾಯ್ಡ್ ಫೋನಿಗೂ ಐಫೋನಿಗೂ ಒಂದೇ ಸಲ ಬರೆದರೆ ಸಾಕು ಎಂಬ ಕಾರಣಕ್ಕೆ ಫ್ಲಟರ್, ಅದರ ಭಾಷೆ ಡಾರ್ಟ್. ನನ್ನ ಲ್ಯಾಪ್‌ಟಾಪಿನಲ್ಲಿರುವುದು 8 ಜಿಬಿ ಮೆಮೊರಿ. ಅದರಲ್ಲಿ ಎಮ್ಯುಲೇಟರ್, ಎಂದರೆ ಕಂಪ್ಯೂಟರಿನೊಳಗಿನ ನಕಲಿ ಫೋನು, ತೆರೆದರೆ ಅನ್ನ ಬೇಯುವಷ್ಟು ಹೊತ್ತು ಕಾಯಬೇಕು. ಅದಕ್ಕೇ, ಆ್ಯಪ್ ಪರೀಕ್ಷಿಸಲು ಅಮ್ಮನ ಹಳೆಯ ಫೋನನ್ನು ತಂತಿಯಿಂದ ಜೋಡಿಸಿಕೊಂಡೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಸಂಖ್ಯೆಯನ್ನು ಏಳು ಸಲ ಒತ್ತಿದರೆ, ಆ್ಯಪ್ ಕಟ್ಟುವವರಿಗೆಂದು ಅಡಗಿಸಿಟ್ಟ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಹಾಗೆ ತೆರೆದಾಗ ನನಗಾದ ಸಂತೋಷ ಈಗಲೂ ನೆನಪಿದೆ.

ಮೂರನೆಯ ತಿಂಗಳು ಬಹಳ ಕಷ್ಟದ್ದು. ಗೆಳೆಯರು ಅರ್ಧ ಗಂಟೆ ಓದಿ ಉಳಿಸಿದ ಕಡತಗಳು ಖಾಲಿಯಾಗಿ ಬರುತ್ತಿದ್ದವು. ಹನ್ನೊಂದು ಸಂಜೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಬಿಟ್ಟುಹೋದ ಒಂದೇ ಪದ: 'ಅವೇಟ್'. ಧ್ವನಿಮುದ್ರಣ ಪೂರ್ತಿ ನಿಲ್ಲುವವರೆಗೆ ಕಾದಿರು ಎಂದು ಹೇಳಬೇಕಿದ್ದ ಜಾಗದಲ್ಲಿ ಹೇಳಿರಲಿಲ್ಲ. ಕಾಯದ ಪ್ರೋಗ್ರಾಂ, ಧ್ವನಿ ಬರೆದು ಮುಗಿಯುವ ಮೊದಲೇ ಕಡತವನ್ನು ಎತ್ತಿಕೊಂಡು ಹೊರಟುಬಿಡುತ್ತಿತ್ತು. ಆ ಓದುಗರೆಲ್ಲ ಬೇಸರಿಸದೆ ಮತ್ತೆ ಕುಳಿತು ಓದಿಕೊಟ್ಟರು.

ಈಗ ತೋರಿಸುತ್ತಿರುವುದು ಆ್ಯಪ್‌ನ ಮೊದಲ ರೂಪ. ತಿಳಿಹಸಿರು ಹಿನ್ನೆಲೆ, ದುಂಡು ಗುಂಡಿಗಳು, ಚಿಕ್ಕ ಚಿತ್ರಗಳು. ಬಣ್ಣ ಆರಿಸಲೆಂದೇ ಎರಡು ವಾರ ಕಳೆದಿದ್ದೆ. ಅದನ್ನು ಕದಂಬರ ಪಾಠ ಕೇಳಿದ್ದ ಆ ವಿದ್ಯಾರ್ಥಿನಿಯ ಕೈಗೆ ಕೊಟ್ಟೆ. ಆ್ಯಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಪರದೆ ಓದುಗ ಇದೆ. ಬೆರಳು ಎಲ್ಲಿಗೆ ತಗುಲುತ್ತದೋ ಅಲ್ಲಿರುವುದನ್ನು ಓದಿ ಹೇಳುತ್ತದೆ. ಅವಳು ಬೆರಳಾಡಿಸಿದಳು. "ಬಟನ್." "ಬಟನ್." "ಬಟನ್." ಅಷ್ಟೇ. ಯಾವುದು ನಿಲ್ಲಿಸುವುದು, ಯಾವುದು ಮುಂದಿನ ಪುಟ, ಒಂದಕ್ಕೂ ಹೆಸರಿಲ್ಲ. ಯಾರಿಗಾಗಿ ಕಟ್ಟುತ್ತಿದ್ದೆನೋ ಅವರಿಗೆ ನಾನು ಖಾಲಿ ಗೋಡೆಯನ್ನು ಕೊಟ್ಟಿದ್ದೆ.

ಅಂದಿನಿಂದ ಫೋನಿನ ಪರದೆಯ ಮೇಲೆ ಟವೆಲ್ ಮುಚ್ಚಿ ಪರೀಕ್ಷಿಸುತ್ತೇನೆ. ಪ್ರತಿ ಗುಂಡಿಗೂ, ಪರದೆ ಓದುಗ ಓದಿ ಹೇಳುವ ಟೂಲ್‌ಟಿಪ್‌ನಲ್ಲಿ ಕನ್ನಡದ ಹೆಸರು ಕೊಟ್ಟೆ: "ಹತ್ತು ಸೆಕೆಂಡು ಹಿಂದೆ", "ಮುಂದಿನ ಪುಟ". ಧ್ವನಿ ಓಡುತ್ತಿರುವಾಗ "ನಿಲ್ಲಿಸು" ಎನ್ನುವ ಗುಂಡಿ, ನಿಂತ ಮೇಲೆ "ಮುಂದುವರಿಸು" ಎನ್ನಬೇಕು. ಮುಟ್ಟುವ ಜಾಗ ಅಗಲ ಎತ್ತರಗಳೆರಡರಲ್ಲೂ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಇರಬೇಕು ಎಂಬ ಆ್ಯಂಡ್ರಾಯ್ಡ್ ನಿಯಮವನ್ನು ಮೊದಲು ಓದಿ ಮರೆತಿದ್ದೆ. ಟವೆಲ್ ಕೆಳಗೆ ಬೆರಳು ತಡವರಿಸಿದಾಗ ಅದು ನೆನಪಾಯಿತು.

ನಮ್ಮ ಲಿಪಿಯೂ ಒಂದು ಪಾಠ ಕಲಿಸಿತು. ಪಟ್ಟಿಯಲ್ಲಿ ಉದ್ದ ಶೀರ್ಷಿಕೆಗಳನ್ನು ಹನ್ನೆರಡು ಅಕ್ಷರಕ್ಕೆ ಕತ್ತರಿಸಿದ್ದೆ. ಆದರೆ ಕಂಪ್ಯೂಟರ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ. 'ಕನ್ನಡ' ನಮಗೆ ಮೂರು ಅಕ್ಷರ, ಡಾರ್ಟ್‌ಗೆ ಐದು. ಎರಡು 'ನ' ಮತ್ತು ಅವನ್ನು ಒತ್ತಕ್ಷರವಾಗಿ ಬೆಸೆಯುವ ನಡುವಿನ ಹಲಂತ ಚಿಹ್ನೆ ಅಲ್ಲಿ ಬೇರೆ ಬೇರೆ. ಹೀಗಾಗಿ ವಿಜಯನಗರ ಸಾಮ್ರಾಜ್ಯ "ವಿಜಯನಗರ ಸಾಮ್" ಆಗಿ ಒತ್ತಕ್ಷರದ ಕುತ್ತಿಗೆಯಲ್ಲೇ ತುಂಡಾಯಿತು. ಈಗ ಯಾವ ಶೀರ್ಷಿಕೆಯನ್ನೂ ಕತ್ತರಿಸುವುದಿಲ್ಲ. ಕೇಳುವವರಿಗೆ ಉದ್ದ ಹೆಸರು ಹೊರೆಯಲ್ಲ.

ಪುಸ್ತಕವನ್ನು ಹೀಗೆ ಓದಿ ಹಂಚಬಹುದೇ ಎಂದು ಹಲವರು ಕೇಳುತ್ತಾರೆ. 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಅಂಗವಿಕಲರಿಗೆ ಓದಲು ಅನುಕೂಲವಾದ ರೂಪದಲ್ಲಿ, ಲಾಭವಿಲ್ಲದೆ, ಪ್ರತಿ ಮಾಡಿಕೊಡಲು ಅವಕಾಶ ನೀಡಿದೆ. ಅದು ಅವರಿಗೆ ಮಾತ್ರ ತಲುಪಬೇಕು. ಆದ್ದರಿಂದಲೇ ಆ್ಯಪ್‌ಗೆ ಲಾಗಿನ್ ಇಟ್ಟಿದ್ದೇನೆ.

ಕಡತದ ಗಾತ್ರವನ್ನೂ ಇಳಿಸಬೇಕಾಯಿತು. ನಾವು ಮುದ್ರಿಸುವ ಒಂದು ಗಂಟೆಯ ಧ್ವನಿ, ಸಂಕುಚಿಸದಿದ್ದರೆ, ಸುಮಾರು 317 ಎಂಬಿ. ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದರೆ ಸುಮಾರು 29. ಮಾತು ಅಷ್ಟರಲ್ಲಿಯೂ ಸ್ಪಷ್ಟವಾಗಿಯೇ ಇರುತ್ತದೆ.

ಗೂಗಲ್ ಪ್ಲೇಯಲ್ಲಿ ಹೊಸ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಮಂದಿಯಿಂದ 14 ದಿನ ಎಡೆಬಿಡದೆ ಪರೀಕ್ಷೆ ಮಾಡಿಸಬೇಕು. ಇವತ್ತು ಒಂಬತ್ತನೆಯ ದಿನ. ಸಂಜೆ ಆ ವಿದ್ಯಾರ್ಥಿನಿಯಿಂದ ಧ್ವನಿಸಂದೇಶ ಬಂದಿದೆ: "ಅಕ್ಕಾ, ನಿಮ್ಮ ಓದು ನನಗೆ ಬಹಳ ನಿಧಾನ. ಎರಡೂವರೆ ಪಟ್ಟು ವೇಗ ಬೇಕು."

ನಾನು ಒಂದೂವರೆಗೇ ಮಿತಿ ಹಾಕಿದ್ದೆ. ಸಂಖ್ಯೆ ಬದಲಿಸಿ ಉಳಿಸುತ್ತೇನೆ. ಕೇಳಿ, ಇದು ನನ್ನದೇ ಧ್ವನಿ, ಕದಂಬರ ಪಾಠ. ನನಗೆ ಒಂದು ವಾಕ್ಯವೂ ಹಿಡಿತಕ್ಕೆ ಸಿಗುತ್ತಿಲ್ಲ. ಅವಳಿಗೆ ಸಿಗುತ್ತದೆಯಂತೆ. ಹತ್ತೂಕಾಲಾಯಿತು, ಈ ಆವೃತ್ತಿಯನ್ನು ಅವಳಿಗೆ ಕಳುಹಿಸುತ್ತಿದ್ದೇನೆ.