ಯಾರೊಮಿರ್ ಯಾಗರ್: ಐವತ್ತು ದಾಟಿದರೂ ಐಸ್ ಬಿಟ್ಟು ಇಳಿಯದ ಆಸಾಮಿ

[ಪರದೆ ಮೇಲೆ: ಕ್ಲಾದ್ನೊ, ಚೆಕ್ ಗಣರಾಜ್ಯ, ಏಪ್ರಿಲ್ 2019]

ಕ್ಲಾದ್ನೊ ಅನ್ನುವ ಊರಿನ ಐಸ್ ಹಾಕಿ ತಂಡ ಎರಡನೇ ದರ್ಜೆಯ ಲೀಗ್‌ನಲ್ಲಿದೆ. ಈ ಪಂದ್ಯ ಗೆದ್ದರೆ ಮೊದಲ ದರ್ಜೆಗೆ ಬಡ್ತಿ. ಗೆದ್ದರು, 4-2. ಆ ನಾಲ್ಕೂ ಗೋಲು ಹೊಡೆದವನು ಒಬ್ಬನೇ. ಅವನ ವಯಸ್ಸು 47. ಅಷ್ಟೇ ಅಲ್ಲ, ತಂಡದ ಮಾಲೀಕನೂ ಅವನೇ!

ಹೆಸರು ಯಾರೊಮಿರ್ ಯಾಗರ್. ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗ್‌ನ ಇತಿಹಾಸದಲ್ಲಿ ಇವನಿಗಿಂತ ಜಾಸ್ತಿ ಪಾಯಿಂಟ್ ಗಳಿಸಿದವನು ಒಬ್ಬನೇ ಒಬ್ಬ, ವೇಯ್ನ್ ಗ್ರೆಟ್ಸ್‌ಕಿ. ಇಷ್ಟು ವರ್ಷ ಆಡುವುದಕ್ಕೆ ಇವನಿಗೆ ಹೇಗೆ ಸಾಧ್ಯವಾಯಿತು? ಈ ವಿಡಿಯೋದಲ್ಲಿ ಅದನ್ನೇ ನೋಡೋಣ.

ನಮಗೆ ಹಾಕಿ ಅಂದರೆ ಕೊಡಗು, ಹಸಿರು ಮೈದಾನ, ಅಲ್ವಾ? ಹಾಗಾಗಿ ಮೊದಲು ಈ ಆಟದ ಬಗ್ಗೆ ಎರಡು ಮಾತು. ಐಸ್ ಹಾಕಿಯಲ್ಲಿ ಗೋಲಿ, ಅಂದರೆ ಗೋಲ್‌ಕೀಪರ್ ಕೂಡ ಸೇರಿ ಒಂದು ತಂಡದ ಆರು ಜನ ಐಸ್ ಮೇಲಿರುತ್ತಾರೆ. ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರ್ ಬಿಲ್ಲೆ, ತೂಕ ಸುಮಾರು 170 ಗ್ರಾಂ. 20 ನಿಮಿಷದ ಮೂರು ಅವಧಿ. ಆದರೆ ಯಾರೂ ಒಂದೇ ಸಮನೆ ಆಡುವುದಿಲ್ಲ. ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡುವುದು, ಬೆಂಚಿಗೆ ಬಂದು ಏದುಸಿರು ಬಿಡುವುದು, ಮತ್ತೆ ಇಳಿಯುವುದು. ಇದಕ್ಕೆ ಶಿಫ್ಟ್ ಅಂತಾರೆ. ಪಕ್ ಇಟ್ಟುಕೊಂಡವನನ್ನು ಮೈಯಿಂದ ಗುದ್ದಿ ಕೆಡವಿದರೂ ತಪ್ಪಿಲ್ಲ. ಗೋಲು ಹೊಡೆದವನಿಗೆ ಒಂದು ಪಾಯಿಂಟ್. ಆ ಗೋಲಿಗೆ ಪಾಸ್ ಕೊಟ್ಟವನಿಗೂ ಒಂದು, ಅದು ಅಸಿಸ್ಟ್. ಇಷ್ಟು ಗೊತ್ತಿದ್ದರೆ ಸಾಕು.

[ದೃಶ್ಯ: ಕ್ಲಾದ್ನೊ ಉಕ್ಕಿನ ಕಾರ್ಖಾನೆ, ಕಪ್ಪು-ಬಿಳುಪು]

ಯಾಗರ್ ಹುಟ್ಟಿದ್ದು 1972ರ ಫೆಬ್ರವರಿ 15ರಂದು, ಪ್ರಾಗ್ ನಗರಕ್ಕೆ ಹತ್ತಿರದ ಇದೇ ಕ್ಲಾದ್ನೊದಲ್ಲಿ. ಉಕ್ಕಿನ ಕಾರ್ಖಾನೆಯ ಊರು. ಆಗ ದೇಶದ ಹೆಸರು ಚೆಕೊಸ್ಲೊವಾಕಿಯಾ, ಆಡಳಿತ ಕಮ್ಯುನಿಸ್ಟರದ್ದು. ಇವರದ್ದು ರೈತರ ಮನೆ. ಸರ್ಕಾರ ಜಮೀನು ಕಿತ್ತುಕೊಂಡಿತು, ಅಜ್ಜ ಜೈಲು ಕಂಡರು. ಆ ಅಜ್ಜ ತೀರಿಕೊಂಡದ್ದು 1968ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಯಾಗರ್ ಜೆರ್ಸಿಯ ಬೆನ್ನ ಮೇಲಿನ ನಂಬರ್ 68 ಬಂದಿದ್ದು ಅಲ್ಲಿಂದ. ಶಾಲೆಯಲ್ಲಿ ಓದುವಾಗ ಈ ಹುಡುಗ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಫೋಟೋವನ್ನು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದ. ಆ ಕಾಲದ ಕಮ್ಯುನಿಸ್ಟ್ ದೇಶದಲ್ಲಿ ಇದು ಸಣ್ಣ ಕಿತಾಪತಿ ಅಲ್ಲ.

ಈಗ ಮುಖ್ಯ ವಿಷಯ, ಬಸ್ಕಿ. ಹೌದು, ನಮ್ಮ ಗರಡಿಮನೆಯ ಬಸ್ಕಿಯೇ. ಏಳೆಂಟು ವಯಸ್ಸಿನಿಂದಲೇ ದಿನಕ್ಕೆ 1000 ಬಸ್ಕಿ ಹೊಡೆಯುತ್ತಿದ್ದೆ ಅಂತ ಯಾಗರ್ ಹೇಳಿಕೊಂಡಿದ್ದಾನೆ. ದೊಡ್ಡವನಾದ ಮೇಲೆ ಎತ್ತರ 190 ಸೆಂಟಿಮೀಟರ್, ತೂಕ 100 ಕಿಲೋ ಮೇಲೆ. ತೊಡೆಗಳಂತೂ ಕಂಬಗಳೇ.

ಆ ತೊಡೆ ಆಟದಲ್ಲಿ ಏನು ಮಾಡುತ್ತೆ ನೋಡಿ. ಯಾಗರ್ ಪಕ್ ಹಿಡಿದು ಮೂಲೆಗೆ ಹೋಗುತ್ತಾನೆ. ಹಿಂದೆ ಒಬ್ಬ ಡಿಫೆಂಡರ್ ಬಂದು ಒತ್ತುತ್ತಾನೆ. ಯಾಗರ್ ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ಹಿಂಭಾಗವನ್ನು ಅವನಿಗೆ ಕೊಟ್ಟು ನಿಲ್ಲುತ್ತಾನೆ. ಉದ್ದ ಸ್ಟಿಕ್ ಚಾಚಿ ಪಕ್ಕನ್ನು ಆಚೆ ಕಡೆ ಆಡಿಸುತ್ತಿರುತ್ತಾನೆ. ಹಿಂದಿನವನು ಎಷ್ಟೇ ತಳ್ಳಿದರೂ ಅವನ ಸ್ಟಿಕ್ ಅಲ್ಲಿಗೆ ಎಟುಕಲ್ಲ. ಎಟುಕಿಸಲು ಒಂದು ಬದಿಗೆ ವಾಲಿದನೋ, ಯಾಗರ್ ಇನ್ನೊಂದು ಬದಿಯಿಂದ ತಿರುಗಿ ಗೋಲಿನ ಮುಂದೆ ಹಾಜರು.

ವೇಗವನ್ನೇ ನಂಬಿ ಆಡುವವರು 33, 34ಕ್ಕೆ ಮಂಕಾಗುತ್ತಾರೆ. ಪಕ್ ಕಾಯ್ದುಕೊಳ್ಳುವ ಈ ಕಲೆಗೆ ಬೇಕಾದದ್ದು ಬಲ, ಸಮತೋಲ, ಎದುರಾಳಿ ಎಲ್ಲಿ ಕಾಲಿಡುತ್ತಾನೆ ಅನ್ನುವ ಅಂದಾಜು. ಇವು ನಿಧಾನವಾಗಿ ಕರಗುತ್ತವೆ. ಯಾಗರ್‌ನ ದೀರ್ಘಾಯುಷ್ಯಕ್ಕೆ ಅದೃಷ್ಟ, ಛಲ ಅಂತ ಏನೇನೋ ಕಾರಣ ಹೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಉತ್ತರ ಈ ತೊಡೆಗಳಲ್ಲೇ ಇದೆ.

[ಪರದೆ ಮೇಲೆ: 1990]

ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಆಟಗಾರರು ಎನ್‌ಎಚ್‌ಎಲ್‌ಗೆ ಹೋಗಬೇಕಾದರೆ ಸಾಮಾನ್ಯವಾಗಿ ದೇಶ ಬಿಟ್ಟು ಓಡಿಹೋಗಬೇಕಿತ್ತು. ಪೀಟರ್ ನೆಡ್ವೆಡ್ ಅನ್ನುವ ಹುಡುಗ 1989ರ ಜನವರಿಯಲ್ಲಿ ಕೆನಡಾದ ಕ್ಯಾಲ್ಗರಿಗೆ ಟೂರ್ನಿ ಆಡಲು ಬಂದವನು ವಾಪಸ್ ಹೋಗಲೇ ಇಲ್ಲ. ಆಗ ಅವನಿಗೆ 17. ಅದೇ ವರ್ಷ ನವೆಂಬರ್‌ನಲ್ಲಿ ಪ್ರಾಗ್‌ನಲ್ಲಿ ಜನ ಬೀದಿಗಿಳಿದರು, ರಕ್ತ ಹರಿಸದೆ ಆಡಳಿತವನ್ನೇ ಉರುಳಿಸಿದರು. 1990ರ ಜೂನ್‌ನಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಡ್ರಾಫ್ಟ್‌ಗೆ ಯಾಗರ್ ರಾಜಾರೋಷವಾಗಿ ಬಂದು ಕೂತ. ಡ್ರಾಫ್ಟ್ ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ. ಐದನೇ ಸರದಿಯಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಅವನನ್ನು ಎತ್ತಿಕೊಂಡಿತು.

18ರ ಹುಡುಗ, ಇಂಗ್ಲಿಷ್ ಬರಲ್ಲ, ಮನೆಯ ನೆನಪು ಬಿಡುತ್ತಿಲ್ಲ. ಅವನಿಗೆ ಮಾತಿಗೊಬ್ಬರು ಸಿಗಲಿ ಅಂತ ಡಿಸೆಂಬರ್‌ನಲ್ಲಿ ತಂಡ ಯಿರಿ ಹರ್ಡಿನಾ ಅನ್ನುವ ಹಿರಿಯ ಚೆಕ್ ಆಟಗಾರನನ್ನು ತಂದುಕೊಂಡಿತು. ಒಳ್ಳೆಯ ಕೆಲಸ ಮಾಡಿದರು. ಆ ಸೀಸನ್ನಿನ ಕೊನೆಗೆ, 1991ರಲ್ಲಿ ಪಿಟ್ಸ್‌ಬರ್ಗ್‌ಗೆ ಮೊದಲ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಸಿಗುವ ಕಪ್, ಬಂತು. 1992ರಲ್ಲಿ ಮತ್ತೊಂದು. ನಾಯಕ ಮಾರಿಯೊ ಲೆಮ್ಯೂ ಆ ಕಾಲದ ದೈತ್ಯ ಪ್ರತಿಭೆ. 92ರ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಶಿಕಾಗೊ 4-1ರಿಂದ ಮುಂದಿತ್ತು. ಕೊನೆ ಹೊತ್ತಿನಲ್ಲಿ ಯಾಗರ್ ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು ಹೋಗಿ 4-4 ಮಾಡಿದ. 13 ಸೆಕೆಂಡು ಉಳಿದಿದ್ದಾಗ ಲೆಮ್ಯೂ ಐದನೆಯದು ಹೊಡೆದ. ಯಾಗರ್‌ನ ಆ ಗೋಲನ್ನು ಒಮ್ಮೆ ಹುಡುಕಿ ನೋಡಿ.

ಆಮೇಲೆ ಅಂಕಿಗಳ ಸುರಿಮಳೆ. 1995-96ರಲ್ಲಿ 62 ಗೋಲು, 87 ಅಸಿಸ್ಟ್, ಒಟ್ಟು 149. ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವನಿಗೆ ಸಿಗುವ ಆರ್ಟ್ ರಾಸ್ ಟ್ರೋಫಿ ಐದು ಸಲ. 1999ರಲ್ಲಿ ಹಾರ್ಟ್ ಟ್ರೋಫಿ, ಅಂದರೆ ತಂಡಕ್ಕೆ ಅತಿ ಮುಖ್ಯವಾದ ಆಟಗಾರ ಅನ್ನುವ ಗೌರವ.

ಆ 1999ರ ವಸಂತದ ಒಂದು ಸಂಗತಿ ಹೇಳಲೇಬೇಕು. ಪೆಂಗ್ವಿನ್ಸ್ ಆಗ ದಿವಾಳಿ ಎದ್ದ ತಂಡ. ಊರು ಬಿಟ್ಟೇ ಹೋಗಬಹುದು ಅನ್ನುವ ಭಯ. ಪ್ಲೇಆಫ್ ಮೊದಲ ಸುತ್ತಿನ ಆರನೇ ಪಂದ್ಯ, ಸೋತರೆ ಮನೆಗೆ. ಯಾಗರ್‌ಗೆ ತೊಡೆಸಂದು ನೋವು. ನೆಟ್ಟಗೆ ಸ್ಕೇಟ್ ಮಾಡಲಾಗದೆಯೂ ಇಳಿದ. ಕೊನೆಗೆ ಎರಡು ಚಿಲ್ಲರೆ ನಿಮಿಷ ಇದ್ದಾಗ ಸಮ ಮಾಡಿದ, ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲನ್ನೂ ಹೊಡೆದ. ಅದರಿಂದ ತಂಡ ಇನ್ನೊಂದು ಸುತ್ತು ಆಡಿತು, ಟಿಕೆಟ್ ದುಡ್ಡು ಬಂತು. ಆಮೇಲೆ ಲೆಮ್ಯೂ ತನಗೆ ಬರಬೇಕಿದ್ದ ಬಾಕಿ ಸಂಬಳವನ್ನೇ ಬಂಡವಾಳ ಮಾಡಿ ತಂಡವನ್ನು ಕೊಂಡುಕೊಂಡ.

ಇದಕ್ಕಿಂತ ಒಂದು ವರ್ಷ ಮುಂಚೆ ನಗಾನೊ ಒಲಿಂಪಿಕ್ಸ್. ಎನ್‌ಎಚ್‌ಎಲ್ ತನ್ನ ಲೀಗ್ ನಿಲ್ಲಿಸಿ ಆಟಗಾರರನ್ನು ಮೊದಲ ಸಲ ಕಳಿಸಿದ ವರ್ಷ, 1998. ಚೆಕ್ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ಅಮೆರಿಕವನ್ನು ಮಣಿಸಿತು, ಸೆಮಿಫೈನಲ್‌ನಲ್ಲಿ ಕೆನಡಾವನ್ನು ಶೂಟೌಟ್‌ನಲ್ಲಿ. ಫೈನಲ್‌ನಲ್ಲಿ ರಷ್ಯಾ ಎದುರು 1-0. ಈ ಕಥೆಯ ಹೀರೊ ಯಾಗರ್ ಅಲ್ಲ, ಗೋಲಿ ಡೊಮಿನಿಕ್ ಹಾಶೆಕ್. ಕೆನಡಾದ ಐದೂ ಹೊಡೆತ ತಡೆದವನು ಅವನು. ಆದರೆ 68ನೇ ನಂಬರ್ ಹೊತ್ತವನಿಗೆ ರಷ್ಯಾ ಎದುರಿನ ಚಿನ್ನ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

[ಪರದೆ ಮೇಲೆ: ವಾಷಿಂಗ್ಟನ್, ನ್ಯೂಯಾರ್ಕ್, ಒಮ್ಸ್ಕ್]

2001ರಲ್ಲಿ ಪಿಟ್ಸ್‌ಬರ್ಗ್ ಅವನನ್ನು ವಾಷಿಂಗ್ಟನ್‌ಗೆ ಕೊಟ್ಟುಬಿಟ್ಟಿತು. ಸಂಬಳ ಭರಿಸುವ ಶಕ್ತಿ ಇರಲಿಲ್ಲ. ವಾಷಿಂಗ್ಟನ್ ಏಳು ವರ್ಷಕ್ಕೆ 7.7 ಕೋಟಿ ಡಾಲರ್ ಒಪ್ಪಂದ ಬರೆದುಕೊಟ್ಟಿತು, ಆ ಹೊತ್ತಿಗೆ ಅದು ಲೀಗ್‌ನ ದಾಖಲೆ. ಆಟ ಮಾತ್ರ ಸಪ್ಪೆ. ದುಡ್ಡು ವಸೂಲಾಗಲಿಲ್ಲ ಅಂತ ಅಭಿಮಾನಿಗಳು ಗೊಣಗಿದರೆ ತಪ್ಪೇನಿಲ್ಲ. 2004ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಬಂದ, 2005-06ರಲ್ಲಿ 123 ಪಾಯಿಂಟ್ ಗಳಿಸಿ ಕ್ಲಬ್ ದಾಖಲೆ ಬರೆದ. 2008ರಲ್ಲಿ ಎಲ್ಲ ಬಿಟ್ಟು ರಷ್ಯಾದ ಕೆಎಚ್‌ಎಲ್ ಲೀಗ್‌ಗೆ ಹೊರಟ. ಸೈಬೀರಿಯಾದ ಒಮ್ಸ್ಕ್ ಊರಿನ ಅವನ್‌ಗಾರ್ಡ್ ತಂಡ.

ಅಲ್ಲಿಗೆ ಹೋದ ಕೆಲವೇ ವಾರಗಳಲ್ಲಿ, ಅಕ್ಟೋಬರ್ 13ರಂದು, ಯಾಗರ್ ಜೊತೆ ಒಂದೇ ಲೈನ್‌ನಲ್ಲಿ, ಅಂದರೆ ಒಟ್ಟಿಗೆ ಐಸ್‌ಗೆ ಇಳಿಯುವ ಮುಂಚೂಣಿ ಮೂವರಲ್ಲಿ, ಆಡುತ್ತಿದ್ದ ಅಲೆಕ್ಸಿ ಚೆರೆಪನೊವ್ ಪಂದ್ಯದ ನಡುವೆ ಬೆಂಚಿನ ಮೇಲೆ ಕುಸಿದ. ಉಳಿಯಲಿಲ್ಲ. 19 ವರ್ಷದ ಹುಡುಗ, ಹೃದಯದ ತೊಂದರೆ. ಅವನನ್ನು ರೇಂಜರ್ಸ್ ಡ್ರಾಫ್ಟ್‌ನಲ್ಲಿ ಆರಿಸಿತ್ತು, ಯಾಗರ್ ಹಾದು ಬಂದ ದಾರಿಗೇ ಅವನು ಹೋಗಬೇಕಿತ್ತು. ಯಾಗರ್ ಒಮ್ಸ್ಕ್ ಬಿಡಲಿಲ್ಲ, ಮೂರು ಸೀಸನ್ ಆಡಿದ.

2011ರಲ್ಲಿ ವಾಪಸ್ ಅಮೆರಿಕ. ವಯಸ್ಸು 39. ಪಿಟ್ಸ್‌ಬರ್ಗ್‌ಗೆ ಬರುತ್ತಾನೆ ಅಂತ ಎಲ್ಲರೂ ಕಾದರೆ, ಅದರ ಬದ್ಧ ವೈರಿ ಫಿಲಡೆಲ್ಫಿಯಾ ಸೇರಿಕೊಂಡ! ಅಲ್ಲಿಂದ ಡಲ್ಲಾಸ್, ಬಾಸ್ಟನ್, ನ್ಯೂಜೆರ್ಸಿ, ಫ್ಲೋರಿಡಾ, ಕ್ಯಾಲ್ಗರಿ. ಬರೀ ಓಡಾಟ ಅಂದುಕೊಳ್ಳಬೇಡಿ. 42ರಲ್ಲಿ ಹ್ಯಾಟ್ರಿಕ್ ಹೊಡೆದ, ಎನ್‌ಎಚ್‌ಎಲ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಅದುವರೆಗೆ ಯಾರೂ ಹೊಡೆದಿರಲಿಲ್ಲ. 2015-16ರಲ್ಲಿ, 44 ತುಂಬಿದ ಸೀಸನ್‌ನಲ್ಲಿ, ಫ್ಲೋರಿಡಾ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಅವನದ್ದೇ, 66. ಪಕ್ಕದಲ್ಲಿ ಆಡುತ್ತಿದ್ದ ಅಲೆಕ್ಸಾಂಡರ್ ಬಾರ್ಕೊವ್ ಹುಟ್ಟುವ ಹೊತ್ತಿಗೆ ಯಾಗರ್ ಎರಡು ಸ್ಟ್ಯಾನ್ಲಿ ಕಪ್, ಒಂದು ಆರ್ಟ್ ರಾಸ್ ಗೆದ್ದು ಮುಗಿಸಿದ್ದ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ತೂಕದ ಜಾಕೆಟ್ ತೊಟ್ಟು ಒಬ್ಬನೇ ಸ್ಕೇಟ್ ಮಾಡುವ ಅಭ್ಯಾಸ ಬಿಟ್ಟಿರಲಿಲ್ಲ. ಬಸ್ಕಿ ಹೊಡೆಯುತ್ತಿದ್ದ ಹುಡುಗ ತಾನೇ.

[ಪರದೆ ಮೇಲೆ: 1733 ಪಂದ್ಯ, 766 ಗೋಲು, 1155 ಅಸಿಸ್ಟ್, 1921 ಪಾಯಿಂಟ್]

ಎನ್‌ಎಚ್‌ಎಲ್ ಲೆಕ್ಕ ಇಲ್ಲಿಗೆ ನಿಂತಿತು. ಗ್ರೆಟ್ಸ್‌ಕಿಯದ್ದು 2857, ಅದನ್ನು ಮುಟ್ಟುವ ಮಾತೇ ಇಲ್ಲ. ಆದರೆ ಒಮ್ಸ್ಕ್‌ನ ಮೂರು ವರ್ಷ ಅಲ್ಲೇ ಆಡಿದ್ದರೆ, 2004-05ರ ಸೀಸನ್ ಸಂಬಳದ ಜಗಳದಲ್ಲಿ ಪೂರ್ತಿ ರದ್ದಾಗದೆ ಇದ್ದಿದ್ದರೆ, 2000 ದಾಟುತ್ತಿದ್ದ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

2018ರ ಜನವರಿಯಲ್ಲಿ ಊರಿಗೆ ಬಂದ. ಕ್ಲಾದ್ನೊ ಕ್ಲಬ್ 2011ರಿಂದ ಅವನದ್ದೇ. ಹಾಗಾದರೆ ಮಾಲೀಕನ ಕುರ್ಚಿಯಲ್ಲಿ ಕೂರಬಹುದಿತ್ತಲ್ಲ? ಕೂರಲು ದುಡ್ಡು ಬಿಡುವುದಿಲ್ಲ. ಯಾಗರ್ ಆಡಿದರೆ ಜನ ಬರುತ್ತಾರೆ, ಪ್ರಾಯೋಜಕರು ಬರುತ್ತಾರೆ. ಸಣ್ಣ ಊರಿನ ಕ್ಲಬ್ ನಡೆಯುವುದು ಹಾಗೆ. 2025ರ ಫೆಬ್ರವರಿಯಲ್ಲಿ 53 ತುಂಬಿದಾಗಲೂ ಅದೇ ಜೆರ್ಸಿಯಲ್ಲಿದ್ದ.

ಪಿಟ್ಸ್‌ಬರ್ಗ್ ಜೊತೆಗಿನ ಮುನಿಸೂ ಮುಗಿಯಿತು. 2024ರ ಫೆಬ್ರವರಿ 18ರಂದು ತಂಡ 68ನೇ ನಂಬರನ್ನು ಶಾಶ್ವತವಾಗಿ ಅವನಿಗೇ ಮೀಸಲಿಟ್ಟಿತು. ಮುಂದಿನ ತಿಂಗಳು ಅಭಿಮಾನಿಗಳಿಗೆ ಹಂಚಲು ತರಿಸಿದ್ದ ಯಾಗರ್ ಗೊಂಬೆಗಳ ಲೋಡು ದಾರಿಯಲ್ಲೇ ಕಳುವಾಯಿತು! ಆಮೇಲೆ ಸಿಕ್ಕಿತು, ಬಿಡಿ.

ಕೊನೆಗೆ ಒಂದು ವಿಚಿತ್ರ. ಟೊರಾಂಟೊದಲ್ಲಿರುವ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಬೇಕಾದರೆ ವೃತ್ತಿಪರ ಆಟ ನಿಲ್ಲಿಸಿ ಮೂರು ಸೀಸನ್ ಕಳೆದಿರಬೇಕು. ಎಲ್ಲಿ ಆಡಿದರೂ ಆಟ ಆಟವೇ, ಕ್ಲಾದ್ನೊ ಕೂಡ ಲೆಕ್ಕಕ್ಕೆ ಬರುತ್ತೆ. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ತನ್ನ ಗೌರವ ಪಟ್ಟಿಗೆ 2024ರಲ್ಲೇ ಅವನನ್ನು ಸೇರಿಸಿಕೊಂಡಿತು. ಟೊರಾಂಟೊದವರು ಮಾತ್ರ ಅವನು ಕೊನೆಯ ಪಂದ್ಯ ಆಡಿದ ದಿನದಿಂದ ಎಣಿಸಲು ಶುರು ಮಾಡಬೇಕು.